ಮಷಿನ್ ಹಿಡಿಯುವ ಕೈ ಯಾರದು?

ಎರಡನೇ ಬಾಣಂತನ ಮುಗಿಯುವ ಹೊತ್ತಿಗೆ ನನ್ನ ಎರಡೂ ಕೆನ್ನೆ ಮೇಲೆ ಬಂಗು ಮೂಡಿತ್ತು. ಅಮ್ಮನಿಗೂ ಇತ್ತು, ಅಜ್ಜಿಗೂ ಇತ್ತಂತೆ. 'ಮಗು ಹಾಲು ಬಿಟ್ಟ ಮೇಲೆ ತಾನಾಗೇ ಹೋಗುತ್ತೆ ಬಿಡು' ಅಂದರು ಅಮ್ಮ. ಹೋಗಲಿಲ್ಲ. ಮಗಳಿಗೆ ಮೂರು ತುಂಬಿದಾಗ ಪಕ್ಕದ ಮನೆಯವರು ಹೇಳಿದ ಕ್ರೀಮನ್ನು ಮೆಡಿಕಲ್ ಶಾಪಿನಿಂದ ತಂದು ಹಚ್ಚಿದೆ. ಹದಿನೈದೇ ದಿನಕ್ಕೆ ಮುಖ ತಿಳಿಯಾಯಿತು. ನಿಲ್ಲಿಸಿದ ವಾರಕ್ಕೆ ಉರಿ, ಕೆಂಪು, ಸಣ್ಣ ಗುಳ್ಳೆ. ಮತ್ತೆ ಹಚ್ಚಿದರೆ ಸರಿ, ಬಿಟ್ಟರೆ ಉರಿ. ಹೀಗೆ ಎಂಟು ತಿಂಗಳು ಕಳೆದೆ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇತ್ತು. ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತ್ತು. ಅಂಗಡಿಯವರು ಚೀಟಿ ಕೇಳಲಿಲ್ಲ, ನಾನೂ ಟ್ಯೂಬಿನ ಹಿಂದೆ ಏನು ಬರೆದಿದೆ ಅಂತ ಓದಲಿಲ್ಲ.

ಅಷ್ಟರಲ್ಲಿ ಮೈದುನನ ಮದುವೆ ಬಂತು. ಎರಡು ತಿಂಗಳಿತ್ತು. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ದೊಡ್ಡ ಸ್ಕಿನ್ ಕ್ಲಿನಿಕ್. ಒಳಗೆ ಸ್ಪಾದ ಹಾಗೆ ತಣ್ಣನೆ ಬೆಳಕು, ಲ್ಯಾವೆಂಡರ್ ವಾಸನೆ. ಬಿಳಿ ಕೋಟು ಹಾಕಿದ ಹುಡುಗಿ ಎದುರು ಕೂತು, ಆರು ಸಿಟ್ಟಿಂಗ್ ಲೇಸರ್ ಪ್ಯಾಕೇಜ್, ಇವತ್ತೇ ಕಟ್ಟಿದರೆ ರಿಯಾಯಿತಿ ಅಂದಳು. ಅವಳೇ ಡಾಕ್ಟರ್ ಅಂದುಕೊಂಡಿದ್ದೆ. ಅವಳ ಕೆಲಸ ಕೌನ್ಸೆಲರ್ ಅನ್ನುವುದು ಬಿಲ್ಲಿನ ಮೇಲೆ ಗೊತ್ತಾಯಿತು. ಡಾಕ್ಟರ್ ಎಲ್ಲಿ ಅಂತ ಕೇಳಿದ್ದಕ್ಕೆ 'ಅವರು ಸೂಪರ್‌ವೈಸ್ ಮಾಡ್ತಾರೆ ಮೇಡಂ' ಅಂದರು. ನನ್ನ ಮುಖಕ್ಕೆ ಮಷಿನ್ ಹಿಡಿದವರು ಇನ್ಯಾರೋ. ಯಾವ ಕ್ರೀಮ್ ಹಚ್ಚುತ್ತಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ.

ಎರಡನೇ ಸಿಟ್ಟಿಂಗಿನ ರಾತ್ರಿ ಕೆನ್ನೆ ಕಾದ ಕಾವಲಿಯಂತಾಯಿತು. ಬೆಳಗ್ಗೆ ನೋಡಿದರೆ ಆಯತಾಕಾರದ ಸುಟ್ಟ ಗುರುತುಗಳು, ಒಂದರ ಪಕ್ಕ ಒಂದು, ಅಚ್ಚೊತ್ತಿದ ಹಾಗೆ. ಫೋನ್ ಮಾಡಿದರೆ 'ಐಸ್ ಇಡಿ, ಹೋಗುತ್ತೆ' ಎಂಬ ಉತ್ತರ. ಹೋಗಲಿಲ್ಲ, ಕಪ್ಪಾಯಿತು. ಮದುವೆಯ ಫೋಟೋಗಳಲ್ಲಿ ನಾನು ಎಲ್ಲರ ಹಿಂದೆ ನಿಂತಿದ್ದೇನೆ. ಆ ಆಲ್ಬಮ್ ತೆಗೆಯುವುದಕ್ಕೆ ಇಂದಿಗೂ ಮನಸ್ಸು ಬರುವುದಿಲ್ಲ.

ನಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳತಿ ಇದನ್ನು ಹೇಳಿಕೊಟ್ಟಳು. ಬರವಣಿಗೆಯಲ್ಲಿ ಕೇಳಿದೆ, ಒಂದು ಹಾಳೆ ಸಿಕ್ಕಿತು. ಅದರಲ್ಲಿ ಲೇಸರ್ ಎಂಬ ಪದವೇ ಇರಲಿಲ್ಲ, ಐಪಿಎಲ್ ಅಂತ ಇತ್ತು. ಲೇಸರಿನಲ್ಲಿ ಒಂದೇ ತರಂಗಾಂತರದ ಬೆಳಕು. ಐಪಿಎಲ್ ಅಂದರೆ ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಹಾಯಿಸುವುದು. ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಹೆಚ್ಚು. ಆ ಬೆಳಕನ್ನು ಅದು ಹೀರಿಕೊಂಡು ಬಿಸಿಯಾಗುತ್ತದೆ, ಚರ್ಮ ಸುಡುತ್ತದೆ. ಅದರ ಮೇಲೆ ನನ್ನದು ಎಂಟು ತಿಂಗಳ ಸ್ಟೀರಾಯ್ಡಿನಿಂದ ತೆಳುವಾಗಿದ್ದ ಚರ್ಮ.

ಆಮೇಲೆ ಮೊದಲು ಹೋದದ್ದು ಬೆಂಗಳೂರಿನ ಬೌರಿಂಗ್ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ನನಗೆ ಏನನ್ನೂ ಮಾರಬೇಕಾದವರು ಇರಲಿಲ್ಲ, ಅದಕ್ಕೇ ಹೋದೆ. ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು, ನನ್ನ ಸರದಿ ಬರುವಾಗ ಮಧ್ಯಾಹ್ನ. ಚರ್ಮ ವಿಭಾಗದ ವೈದ್ಯೆ ಮಸೂರದ ಕೆಳಗೆ ನೋಡಿ, ಸ್ಟೀರಾಯ್ಡಿಗೆ ಉಬ್ಬಿದ ಸಣ್ಣ ರಕ್ತನಾಳಗಳನ್ನು ಫೋನಿನಲ್ಲಿ ತೆಗೆದು ತೋರಿಸಿದರು. ಮೂರು ತಿಂಗಳು ಯಾವ ಮಷಿನ್ನೂ, ಪೀಲೂ, ಫೇಶಿಯಲ್ಲೂ ಬೇಡ, ಚರ್ಮ ಮೊದಲು ಚೇತರಿಸಿಕೊಳ್ಳಲಿ ಅಂದರು. ಆ ಮೂರು ತಿಂಗಳನ್ನು ನಾನು ಹುಡುಕುವುದಕ್ಕೆ ಬಳಸಿಕೊಂಡೆ.

ಮಗಳ ಹಳೆ ನೋಟ್‌ಬುಕ್ ಒಂದನ್ನು ಇಟ್ಟುಕೊಂಡು ಏಳು ಕಡೆ ವಿಚಾರಿಸಿದೆ. ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಚಿಕಿತ್ಸೆಯ ದಿನ ನನ್ನ ಮುಖಕ್ಕೆ ಮಷಿನ್ ಹಿಡಿಯುವವರು ಯಾರು, ಅವರ ನೋಂದಣಿ ಸಂಖ್ಯೆ ಎಷ್ಟು? ಎರಡು ಕಡೆ ಈ ಪ್ರಶ್ನೆಗೇ ಮಾತು ಮುಗಿಯಿತು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ, ಔಷಧಿ ಚೀಟಿಯಲ್ಲಿ, ಹಣದ ರಸೀದಿಯಲ್ಲಿ ಹಾಕಲೇಬೇಕು. ಹಾಗಾಗಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಆದರೂ ಮೊದಲ ಸಲ ಕೇಳುವಾಗ ನನ್ನ ದನಿ ನಡುಗಿತ್ತು.

ಸಂಖ್ಯೆ ಸಿಕ್ಕ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ಆಯ್ದು, ಹಾಕಿ ನೋಡಿದೆ. ಹೆಸರು, ನೋಂದಾಯಿಸಿದ ವರ್ಷ, ಪದವಿ ಎಲ್ಲ ಬರುತ್ತದೆ. ಬೋರ್ಡಿನ ಮೇಲೆ 'ಕಾಸ್ಮೆಟಾಲಜಿಸ್ಟ್' ಎಂದು ದೊಡ್ಡದಾಗಿ ಬರೆದಿದ್ದ ಒಬ್ಬರು ಅಲ್ಲಿ ಬರೀ ಎಂ.ಬಿ.ಬಿ.ಎಸ್. ಆಗಿದ್ದರು. ಕಾಸ್ಮೆಟಾಲಜಿಸ್ಟ್ ಎಂಬುದು ನಮ್ಮಲ್ಲಿ ತಜ್ಞ ಪದವಿಯಲ್ಲ. ನಾನು ಹುಡುಕುತ್ತಿದ್ದದ್ದು ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದವರನ್ನು. ಸುಟ್ಟ ಚರ್ಮವನ್ನು ನಾಲ್ಕಾರು ವರ್ಷ ಆಸ್ಪತ್ರೆಯಲ್ಲಿ ನೋಡಿದವರಿಗೆ ಯಾವಾಗ ಕೈ ಹಿಂದೆಗೆಯಬೇಕು ಅನ್ನುವುದು ಗೊತ್ತಿರುತ್ತದೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಕೆಪಿಎಂಇ ಪ್ರಮಾಣಪತ್ರ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಚಿಕ್ಕ ಕ್ಲಿನಿಕ್ಕೂ ನೋಂದಣಿಯಾಗಿರಬೇಕು, ಪತ್ರವನ್ನು ಜನರಿಗೆ ಕಾಣುವ ಹಾಗೆ ಹಾಕಿರಬೇಕು, ದರಪಟ್ಟಿಯನ್ನೂ. ಒಂದು ಕಡೆ ಗೋಡೆ ತುಂಬ ಪ್ರಶಸ್ತಿಗಳಿದ್ದವು, ಈ ಪತ್ರ ಮಾತ್ರ ಇರಲಿಲ್ಲ. ಕೇಳಿದರೆ 'ನಮ್ಮದು ಸ್ಪಾ, ಅದೆಲ್ಲ ಬೇಕಾಗಲ್ಲ' ಅಂದರು. ಸೂಜಿ ಚುಚ್ಚುವ, ಲೇಸರ್ ಹಾಯಿಸುವ ಜಾಗಕ್ಕೆ ಸ್ಪಾ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಚಿಕಿತ್ಸೆಯಲ್ಲದೆ ಹೋಗುತ್ತದೆಯೇ? ಎದ್ದು ಬಂದೆ. ಮತ್ತೊಂದು ಕಡೆ ಮಷಿನ್ ವಾರಕ್ಕೊಮ್ಮೆ ಬಾಡಿಗೆಗೆ ಬರುತ್ತದಂತೆ, ಮಾದರಿ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ.

ಎರಡು ಕಡೆ ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಳ್ಳಿ, 'ಫುಲ್ ಬಾಡಿ ಗ್ಲೋ' ಬರುತ್ತೆ ಅಂದರು. ಮೈಬಣ್ಣ ತಿಳಿ ಮಾಡುವುದಕ್ಕೆ ಆ ಇಂಜೆಕ್ಷನ್ನಿಗೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ನನಗೆ ಬೇಕಾಗಿದ್ದದ್ದು ಬಂಗಿಗೆ ಮದ್ದು. ನನ್ನ ಬಣ್ಣ ನನ್ನಮ್ಮ ಕೊಟ್ಟದ್ದು, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಈ ಡ್ರಿಪ್ಪಿನ ಮಾತೆತ್ತಿದ ಜಾಗಗಳ ಹೆಸರಿನ ಮೇಲೆ ಅಲ್ಲೇ ಗೀಟು ಎಳೆದೆ.

ಕೊನೆಗೆ ಉಳಿದದ್ದು ಮಲ್ಲೇಶ್ವರದ ಅಡ್ಡರಸ್ತೆಯ ಸಣ್ಣ ಕ್ಲಿನಿಕ್. ಲ್ಯಾವೆಂಡರ್ ಇಲ್ಲ, ಪ್ಲಾಸ್ಟಿಕ್ ಕುರ್ಚಿ. ವೈದ್ಯೆ ನನ್ನ ಪ್ರಶ್ನೆ ಕೇಳುವ ಮೊದಲು ತಾವೇ ಕೇಳತೊಡಗಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ, ಮನೆಯಲ್ಲಿ ಯಾರಿಗಾದರೂ? ಗರ್ಭನಿರೋಧಕ ಮಾತ್ರೆ ತಗೊಳ್ತೀರಾ? ಇನ್ನೊಂದು ಮಗುವಿನ ಯೋಚನೆ ಇದೆಯಾ? ತುಟಿಯ ಮೇಲೆ ಜ್ವರಗುಳ್ಳೆ ಏಳುತ್ತಾ? ಗಾಯದ ಕಲೆ ಉಬ್ಬಿ ನಿಲ್ಲುತ್ತಾ? ಅಡುಗೆಮನೆ ಕಿಟಕಿ ಯಾವ ದಿಕ್ಕಿಗೆ, ಸ್ಕೂಟರಿನಲ್ಲಿ ಎಷ್ಟು ಹೊತ್ತು ಓಡಾಡುತ್ತೀರಿ ಅಂತಲೂ ಕೇಳಿದರು. ನನ್ನ ಹಳೆಯ ಹಾಳೆಯನ್ನು ಎರಡು ಸಲ ಓದಿದರು. ಆ ಕ್ಲಿನಿಕ್ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ.

'ಸದ್ಯಕ್ಕೆ ಲೇಸರ್ ಬೇಡ' ಅಂದರು. ಬಂಗು ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ, ಹತೋಟಿಗೆ ಬರುತ್ತದೆ, ಬಿಸಿಲಿಗೆ ಮತ್ತೆ ಬರಲೂಬಹುದು ಅಂದರು. ಬಣ್ಣವಿರುವ ಸನ್‌ಸ್ಕ್ರೀನ್ ಕೊಟ್ಟರು. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗಿಗೆ ಆ ಬೆಳಕೂ ಶತ್ರು. ಎರಡು ಬೆರಳಿನುದ್ದ ಹಿಂಡಿಕೊಂಡು, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜೊತೆಗೆ ಕೆಲವು ತಿಂಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಈ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸಬಹುದು, ಆ ಪ್ರಶ್ನೆ ಕೇಳಿದ್ದು ಇದಕ್ಕಾಗಿ.

ಆರು ತಿಂಗಳಾದ ಮೇಲೆ ಲೇಸರಿನ ಮಾತು ಬಂತು. 1064 ನ್ಯಾನೊಮೀಟರಿನ ಎನ್‌ಡಿ ಯಾಗ್, ಮೆಲನಿನ್ ಕಡಿಮೆ ಹೀರುವ ಉದ್ದ ತರಂಗಾಂತರ. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು, ಮನೆಗೆ ಒಯ್ದು ಓದಿ ಅಂದರು. ಒಂದು ಸಿಟ್ಟಿಂಗಿಗೆ ಮಾತ್ರ ಹಣ ಕಟ್ಟಿಸಿಕೊಂಡರು. ಮೊದಲು ದವಡೆಯ ಅಂಚಿನಲ್ಲಿ ಬೆರಳುಗುರುತಿನಷ್ಟು ಜಾಗಕ್ಕೆ ಪರೀಕ್ಷೆ. ನಾಲ್ಕು ವಾರ ಕಾದರು. ಅಲ್ಲಿ ಕಪ್ಪಾಗಲಿಲ್ಲ ಎಂಬುದನ್ನು ಫೋಟೋ ಪಕ್ಕ ಫೋಟೋ ಇಟ್ಟು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ನನ್ನ ಕಣ್ಣಿಗೆ ಕವಚ, ಅವರ ಕಣ್ಣಿಗೆ ಕನ್ನಡಕ, ಮಷಿನ್ ಅವರದೇ ಕೈಯಲ್ಲಿ. ಭಾನುವಾರ ಉರಿ ಬಂದರೆ ಯಾರಿಗೆ ಫೋನ್ ಮಾಡಲಿ ಅಂದಿದ್ದಕ್ಕೆ ತಮ್ಮ ಸ್ವಂತ ಸಂಖ್ಯೆ ಬರೆದುಕೊಟ್ಟರು. ಬಳಸುವ ಸಂದರ್ಭ ಬರಲಿಲ್ಲ.

ಸುಟ್ಟ ಗುರುತು ಈಗ ಕಾಣುವುದಿಲ್ಲ. ಬಂಗು ತಿಳಿಯಾಗಿದೆ, ಮಾರ್ಚ್ ಬಂದರೆ ಸ್ವಲ್ಪ ಮೇಲೇಳುತ್ತದೆ.

ಕಳೆದ ತಿಂಗಳು ಮೈದುನ ಕೂದಲು ಕಸಿ ಮಾಡಿಸಿಕೊಳ್ಳುವ ಮಾತೆತ್ತಿದ. 2022ರ ಮೇ ತಿಂಗಳಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಹೋದ 21ರ ಕಿರುತೆರೆ ನಟಿ ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿ ನಮ್ಮತ್ತೆಯ ಮನಸ್ಸಿನಲ್ಲಿ ಇನ್ನೂ ಇದೆ, ಅವರು ಅಳುವುದೊಂದು ಬಾಕಿ. ನಾನು ಅವನಿಗೆ ನೋಟ್‌ಬುಕ್ ಕೊಟ್ಟೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ, ಕಾರ್ಯಾಗಾರ ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ಅದರಲ್ಲಿದೆ ಅಂತಲೂ ಹೇಳಿದೆ. ಅವನು ನನ್ನ ಎದುರೇ ಫೋನ್ ಹಚ್ಚಿ, ಮೊದಲ ಪುಟದ ಮೊದಲ ಪ್ರಶ್ನೆ ಓದಿದ. ಆ ಕಡೆಯಿಂದ 'ಟೆಕ್ನಿಷಿಯನ್ ಮಾಡ್ತಾರೆ ಸರ್, ಡಾಕ್ಟರ್ ಸೂಪರ್‌ವೈಸ್ ಮಾಡ್ತಾರೆ' ಎಂಬ ದನಿ ನನಗೂ ಕೇಳಿಸಿತು. ಅವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು, ಪಟ್ಟಿಯ ಎರಡನೇ ಹೆಸರಿಗೆ ನಂಬರ್ ಒತ್ತತೊಡಗಿದ.