ಮಗುವಿನ ನೋವು ಕೇಸ್ ಶೀಟಿನಲ್ಲಿ ಕಾಣುವಂತೆ ಮಾಡುವುದು ಹೇಗೆ?

ರಾಯಚೂರು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ, ಮಕ್ಕಳ ವಾರ್ಡಿಗೆ ನಾನು ಹೊಸದಾಗಿ ಡ್ಯೂಟಿಗೆ ಸೇರಿದ ದಿನಗಳು. ಮೂರು ವರ್ಷದ ಹುಡುಗ, ವಾಂತಿ-ಭೇದಿ ಆಗಿ ಸೊರಗಿದ್ದ. ಡ್ರಿಪ್ ಹಾಕಬೇಕಿತ್ತು. ಅವರವ್ವನನ್ನು ಹೊರಗೆ ಕಳಿಸಿದೆವು. ಒಬ್ಬರು ಕಾಲು ಹಿಡಿದರು, ಒಬ್ಬರು ತಲೆ ಹಿಡಿದರು, ನಾನು ಕೈ ಹಿಡಿದು "ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದಂಗೆ ಅಷ್ಟೇ" ಅಂದೆ. ನೀರಿನಂಶ ಕಡಿಮೆಯಾದ ಮೈ, ನರ ಬೇಗ ಸಿಗಲಿಲ್ಲ. ಮೂರನೇ ಸಲ ಸಿಕ್ಕಿತು. ಬಾಗಿಲ ಆಚೆಯಿಂದ "ಸಾಕು ಬಿಡ್ರೀ ಯವ್ವಾ" ಅನ್ನೋ ದನಿ ಕೇಳುತ್ತಲೇ ಇತ್ತು. ಆ ದಿನ ಕೇಸ್ ಶೀಟಿನಲ್ಲಿ ನಾನು ಬರೆದದ್ದು ಒಂದೇ ಸಾಲು: ಐವಿ ಲೈನ್ ಹಾಕಲಾಗಿದೆ. ಮೂರು ಸಲ ಚುಚ್ಚಿದ್ದು ಅದರಲ್ಲಿಲ್ಲ. ನೋವಂತೂ ಇಲ್ಲವೇ ಇಲ್ಲ. ಮನೆಗೆ ಹೋಗುವವರೆಗೂ ಆ ಹುಡುಗ ನನ್ನನ್ನು ಕಂಡರೆ ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದ.

ಮಕ್ಕಳ ನೋವಿನ ಬಗ್ಗೆ ಸಂಶೋಧನೆಗೇನೂ ಬರ ಇಲ್ಲ. 1980ರ ದಶಕದವರೆಗೂ ಎಳೆಗೂಸುಗಳಿಗೆ ನೋವು ಅಷ್ಟಾಗಿ ತಿಳಿಯಲ್ಲ ಅಂತ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ನಂಬಿದ್ದರು, ಸರಿಯಾದ ನೋವು ನಿವಾರಕ ಇಲ್ಲದೆಯೇ ಆಪರೇಷನ್ ಮಾಡಿದ್ದೂ ಉಂಟು. ಅದು ತಪ್ಪು ಅಂತ 1987ರಲ್ಲಿ ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಆದರೆ ಗೊತ್ತಾಗಿದ್ದು ಮಗುವಿನ ಮಂಚದ ತನಕ ಬರೋದೇ ಕಷ್ಟ. ಕೆನಡಾದ 8 ಮಕ್ಕಳ ಆಸ್ಪತ್ರೆಗಳ 32 ವಾರ್ಡ್‌ಗಳಲ್ಲಿ 3,822 ಮಕ್ಕಳ ದಾಖಲೆ ನೋಡಿ 2011ರಲ್ಲಿ ಒಂದು ವರದಿ ಬಂತು. ಹಿಂದಿನ 24 ಗಂಟೆಯಲ್ಲಿ ಶೇ 78ರಷ್ಟು ಮಕ್ಕಳಿಗೆ ಸೂಜಿ ಚುಚ್ಚುವಂಥ, ನೋವು ಕೊಡುವ ಚಿಕಿತ್ಸೆ ಒಂದಾದರೂ ಆಗಿತ್ತು. ಆ ಚಿಕಿತ್ಸೆಯ ನೋವಿಗೆಂದೇ ಏನಾದರೂ ಮಾಡಿದ್ದು ದಾಖಲಾಗಿದ್ದು ಅವರಲ್ಲಿ ಶೇ 28ರಷ್ಟು ಮಕ್ಕಳಿಗೆ ಮಾತ್ರ. ಅಷ್ಟು ಸೌಲಭ್ಯ ಇರುವ ಕಡೆಯೇ ಹೀಗೆ. ಹಾಗಾಗಿ ಬಳ್ಳಾರಿ, ಕೊಪ್ಪಳ, ರಾಯಚೂರಿನ ಸಿಸ್ಟರ್‌ಗಳು ತಮ್ಮನ್ನು ತಾವು ಬೈದುಕೊಳ್ಳಬೇಕಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಾದರೆ ಸಾಕು.

ಮೊದಲು ಎಣಿಸಿ

ಟ್ರೇನಿಂಗ್ ಇಡುವ ಮುಂಚೆ ನಿಮ್ಮದೇ ವಾರ್ಡಿನ ಹತ್ತು ಕೇಸ್ ಶೀಟ್ ತೆಗೆಯಿರಿ. ಹಿಂದಿನ ದಿನ ಎಷ್ಟು ಸಲ ಸೂಜಿ ಬಿತ್ತು, ಎಷ್ಟು ಡ್ರೆಸಿಂಗ್ ಆಯ್ತು, ನೋವಿನ ಬಗ್ಗೆ ಒಂದು ಪದವಾದರೂ ಇದೆಯಾ, ನೋಡಿ ಬರೆದುಕೊಳ್ಳಿ. ಯಾರ ಡ್ಯೂಟಿ ಅಂತ ಹೆಸರು ಬರೆಯಬೇಡಿ. ಹೆಸರು ಬಂತೋ, ಮರುದಿನದಿಂದ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಒಂದೇ ಕೆಲಸ ಹಿಡಿಯಿರಿ

ಇದು ನನ್ನ ಗಟ್ಟಿ ಅಭಿಪ್ರಾಯ. ಒಂದು ದಿನದ ಕಾರ್ಯಾಗಾರ, ಪ್ರೊಜೆಕ್ಟರ್, ಊಟ, ಸರ್ಟಿಫಿಕೇಟ್, ಇಷ್ಟರಿಂದ ವಾರ್ಡ್ ಬದಲಾಗಿದ್ದನ್ನು ನಾನು ನೋಡಿಲ್ಲ. ಅದರ ಬದಲು ಇಬ್ಬರು ಮೂವರು ಸಿಸ್ಟರ್, ಒಬ್ಬ ಡಾಕ್ಟರ್ ಕೂತು ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಕ್ಯಾನುಲಾ, ಅಂದರೆ ಡ್ರಿಪ್‌ಗೆಂದು ನರದೊಳಗೆ ಇಡುವ ಸಣ್ಣ ನಳಿಕೆ, ಹಾಕುವುದು ಅಂತಿಟ್ಟುಕೊಳ್ಳಿ. ಒಂದು ಬೆಡ್, ಒಂದು ಶಿಫ್ಟ್‌ನಲ್ಲಿ ಮಾಡಿ ನೋಡಿ. ಎಲ್ಲಿ ಎಡವಿತು ಅಂತ ನೋಡಿ ತಿದ್ದಿ, ಆಮೇಲೆ ಇನ್ನೊಂದು ಬೆಡ್. ಕೆನಡಾದಲ್ಲೂ ವಾರ್ಡಿನವರೇ ತಮ್ಮ ಗುರಿ ಆರಿಸಿಕೊಂಡು ತಮ್ಮದೇ ಲೆಕ್ಕ ನೋಡಿಕೊಂಡ ಕಡೆ ಸುಧಾರಣೆ ಚೆನ್ನಾಗಿತ್ತು.

ನೋವಿಗೆ ಅಂಕ ಹಾಕಿ

ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೇನಿದೆ ಅಂತ ಕೇಳುತ್ತಾರೆ. ಇದೆ. ಎರಡು ತಿಂಗಳಿಂದ ಏಳು ವರ್ಷದ ಮಕ್ಕಳಿಗೆ ಫ್ಲಾಕ್ (FLACC) ಅನ್ನೋ ಅಳತೆ 1997ರಿಂದಲೇ ಬಳಕೆಯಲ್ಲಿದೆ. ಐದು ವಿಷಯ ನೋಡಬೇಕು: ಮುಖ, ಕಾಲು, ಮೈ, ಅಳು, ಸಮಾಧಾನ. ಒಂದೊಂದಕ್ಕೆ 0, 1 ಅಥವಾ 2. ಒಟ್ಟು ಹತ್ತು. ಮುಖ ಆಗಾಗ ಕಿವುಚಿಕೊಂಡರೆ 1, ಗದ್ದ ನಡುಗುತ್ತಾ ದವಡೆ ಬಿಗಿಯುತ್ತಲೇ ಇದ್ದರೆ 2. ಕಾಲು ಸಡಿಲವಾಗಿದ್ದರೆ 0, ಒದೆಯುತ್ತಿದ್ದರೆ ಅಥವಾ ಹೊಟ್ಟೆಗೆ ಎಳೆದುಕೊಂಡಿದ್ದರೆ 2. ಎತ್ತಿ ಮಾತಾಡಿಸಿದರೆ ಸುಮ್ಮನಾಗುತ್ತಾ? ಹಾಗಾದರೆ ಸಮಾಧಾನಕ್ಕೆ 1. ಏನು ಮಾಡಿದರೂ ಆಗದಿದ್ದರೆ 2. ಒಟ್ಟು ನಾಲ್ಕು ಅಥವಾ ಹೆಚ್ಚು ಬಂತು ಅಂದರೆ ಸುಮ್ನೆ ಬಿಡುವ ನೋವಲ್ಲ. ಕೈ ಕುದುರಿದರೆ ಒಂದೆರಡು ನಿಮಿಷದ ಕೆಲಸ.

ಮೂರು ವರ್ಷ ದಾಟಿ ಮಾತು ಬರುವ ಮಕ್ಕಳಿಗೆ ಆರು ಮುಖಗಳ ಚಿತ್ರ ತೋರಿಸಬಹುದು. ಒಂದು ತಪ್ಪು ಬಹಳ ಕಡೆ ಆಗುತ್ತದೆ. ಮಗುವಿನ ಮುಖ ನೋಡಿ ನಾವೇ ಚಿತ್ರಕ್ಕೆ ಹೊಂದಿಸಿಬಿಡುತ್ತೇವೆ. ಹಾಗಲ್ಲ, ಬೆರಳಿಟ್ಟು ತೋರಿಸಬೇಕಾದ್ದು ಮಗು. ಇನ್ನೊಂದು, ನೋವಿಗೆ ಆ ಮಗು ಏನಂತದೆ ಅಂತ ಭರ್ತಿ ಆದಾಗಲೇ ಅವ್ವನನ್ನು ಕೇಳಿ ಬರೆದಿಡಿ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಒಬ್ಬರು "ಬ್ಯಾನಿ" ಅಂತಾರೆ, ಪಕ್ಕದ ಬೆಡ್‌ನವರು "ನೊಪ್ಪಿ", ಅದರಾಚೆಯವರು "ದರ್ದ್". "ನೋವಿದೆಯಾ" ಅಂತ ಕೇಳಿದರೆ ಸುಮ್ಮನೆ ನೋಡುವ ಮಗು, "ಬ್ಯಾನಿ ಎಲ್ಲೈತಿ" ಅಂದರೆ ಥಟ್ಟನೆ ಹೊಟ್ಟೆ ಮುಟ್ಟಿ ತೋರಿಸುತ್ತದೆ.

ಆಪರೇಷನ್ ಆದ ಮಗು ಅಳದೆ, ಅಲುಗಾಡದೆ ಮಲಗಿದ್ದರೆ "ಪಾಪ, ಶಾಣ್ಯಾ ಐತಿ" ಅಂತ ಮುಂದೆ ಹೋಗಬೇಡಿ. ಅಲುಗಾಡಿದರೆ ನೋವಾಗುತ್ತದೆ ಅಂತಲೇ ಅದು ಹಾಗೆ ಮಲಗಿರಬಹುದು.

ಈ ಅಂಕಕ್ಕೆ ಹೊಸ ರಿಜಿಸ್ಟರ್ ಮಾಡಬೇಡಿ, ದಯವಿಟ್ಟು. ನಮಗೆ ಇರುವ ರಿಜಿಸ್ಟರ್‌ಗಳೇ ಜಾಸ್ತಿ. ಟಿಪಿಆರ್ ಚಾರ್ಟಿನಲ್ಲಿ ಜ್ವರ, ನಾಡಿ, ಉಸಿರಾಟದ ಕೆಳಗೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆಯಿರಿ, ಸಾಕು.

ಸಾಮಾನು ಕೈಗೆ ಸಿಗುವಂತಿರಲಿ

ಚರ್ಮ ಮರಗಟ್ಟಿಸುವ ಎಮ್ಲಾ ಮುಲಾಮು ಸ್ಟೋರ್‌ನಲ್ಲಿ ಬೀಗದೊಳಗಿದ್ದರೆ ಇದ್ದೂ ಇಲ್ಲದಂತೆ. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ರಕ್ತ ತೆಗೆಯುವುದಿದ್ದರೆ ನೈಟ್ ಡ್ಯೂಟಿಯವರು ಐದಕ್ಕೇ ಹಚ್ಚಿರಬೇಕು, ಅಂದರೆ ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲೇ ಆ ಮಾತು ಬರಬೇಕು. ಯಾವ ವಯಸ್ಸಿಗೆ ಎಷ್ಟು ಅನ್ನೋದನ್ನು ಡಾಕ್ಟರ್ ಒಮ್ಮೆ ಬರೆದುಕೊಟ್ಟರೆ ಗೋಡೆಗೆ ಅಂಟಿಸಿ.

ನವಜಾತ ಶಿಶುವಿಗೆ ಖರ್ಚಿಲ್ಲದ ದಾರಿಯೇ ಇದೆ. ಹಿಮ್ಮಡಿ ಚುಚ್ಚುವ ಮುಂಚೆಯೇ ಎದೆಹಾಲು ಶುರು ಮಾಡಿ, ಚುಚ್ಚುವಾಗಲೂ ಮುಂದುವರಿಸಿ, ಆಮೇಲೂ ನಿಲ್ಲಿಸಬೇಡಿ. ಹಾಲು ಕುಡಿಸಲು ಆಗದ ಕೂಸಿಗೆ ಡಾಕ್ಟರ್ ಹೇಳಿದರೆ ಆಸ್ಪತ್ರೆಯ ಶೇ 24ರ ಸುಕ್ರೋಸ್ ದ್ರಾವಣ, ನಾಲಿಗೆಯ ಮೇಲೆ ಕೆಲವೇ ಹನಿ, ಎರಡು ನಿಮಿಷ ಮುಂಚೆ. ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಹಿಡಿದರೂ ನೋವು ಕಡಿಮೆಯಾಗುತ್ತದೆ.

ಅವ್ವನನ್ನು ಹೊರಗೆ ಕಳಿಸಬೇಡಿ

ಲಸಿಕೆಯ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮನೆಯವರು ಜೊತೆಗಿರಲಿ, ಚಿಕ್ಕ ಮಕ್ಕಳನ್ನು ಅವರೇ ಹಿಡಿದುಕೊಳ್ಳಲಿ, ಒಂದಕ್ಕಿಂತ ಜಾಸ್ತಿ ಲಸಿಕೆ ಇದ್ದರೆ ಹೆಚ್ಚು ನೋವಿನದು ಕೊನೆಗೆ, ಸೂಜಿ ಚುಚ್ಚಿದ ಮೇಲೆ ರಕ್ತ ಬರುತ್ತಾ ಅಂತ ಸಿರಿಂಜ್‌ನ ದಂಡ ಹಿಂದಕ್ಕೆ ಎಳೆದು ನೋಡುವುದು ಬೇಡ. ಸುಳ್ಳು ಧೈರ್ಯ ಹೇಳಬಾರದು ಅಂತಲೂ ಇದೆ. ನನ್ನ "ಏನೂ ಆಗಲ್ಲ" ಅದೇ ಸುಳ್ಳು. "ಈಗ ಚುಚ್ತೀನಿ, ಒಂದು, ಎರಡು, ಮೂರು, ಅವ್ವನ ಕೈ ಹಿಡ್ಕೋ" ಅಂದರೆ ಮಗು ಅತ್ತರೂ ನಮ್ಮನ್ನು ನಂಬುತ್ತದೆ. "ಗದ್ದಲ ಮಾಡಿದ್ರ ಸಿಸ್ಟರ್‌ಗೆ ಹೇಳಿ ಸೂಜಿ ಮಾಡಸ್ತೀನಿ" ಅಂತ ಹೆದರಿಸುವ ಅಜ್ಜಿ-ತಾತಂದಿರಿಗೂ ಮೆಲ್ಲಗೆ ಹೇಳಿ, ಹಾಗನ್ನಬೇಡ್ರೀ ಅಂತ.

ಎರಡು ಸಲ ಪ್ರಯತ್ನಿಸಿ ನರ ಸಿಗದಿದ್ದರೆ ಚುಚ್ಚುವವರು ಬದಲಾಗಲಿ, ಹಿರಿಯರನ್ನು ಕರೆಯಿರಿ. ಇದನ್ನು ವಾರ್ಡಿನ ನಿಯಮ ಮಾಡಿಕೊಂಡರೆ ಕರೆಯಲು ಯಾರಿಗೂ ನಾಚಿಕೆ ಆಗಲ್ಲ.

ಡಾಕ್ಟರ್ ಹತ್ತಿರ ಅಂಕ ಹೇಳಿ

"ಮಗು ಅಳ್ತಿದೆ ಸರ್" ಅಂದರೆ "ನೋಡೋಣ" ಅಂತಾರೆ. "ಫ್ಲಾಕ್ ಏಳು ಇದೆ, ಒಂದು ಗಂಟೆ ಹಿಂದೆ ಮೂರು ಇತ್ತು" ಅಂದರೆ ಎದ್ದು ಬರುತ್ತಾರೆ. ಪ್ಯಾರಸಿಟಮಾಲ್ ಮಗುವಿನ ತೂಕದ ಮೇಲೆ, ಸಾಮಾನ್ಯವಾಗಿ ಒಂದು ಡೋಸಿಗೆ ಕೆಜಿಗೆ 10ರಿಂದ 15 ಮಿ.ಗ್ರಾಂ. ಆಪರೇಷನ್ ಆದ ಮೊದಲ ದಿನಗಳಲ್ಲಿ ಬರೀ "ಎಸ್‌ಒಎಸ್" (ಬೇಕೆನಿಸಿದಾಗ ಮಾತ್ರ ಕೊಡಿ) ಅಂತ ಬರೆದಿದ್ದರೆ, ಟೈಮಿಗೆ ಸರಿಯಾಗಿ ಕೊಡಬಹುದಾ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಕೊಟ್ಟ ಮೇಲೆ ಒಂದು ಗಂಟೆಯೊಳಗೆ ಮತ್ತೆ ಅಂಕ ಹಾಕಿ. ಹೆಚ್ಚಿನವರು ಬಿಡುವುದು ಇದನ್ನೇ.

ತಿಂಗಳಾದ ಮೇಲೆ ಮತ್ತೆ ಹತ್ತು ಕೇಸ್ ಶೀಟ್ ತೆಗೆದು ಮೊದಲಿನ ಹಾಗೆಯೇ ಎಣಿಸಿ. ಎರಡೂ ಲೆಕ್ಕವನ್ನು ಸಿಸ್ಟರ್‌ಗಳು ಟೀ ಕುಡಿಯುವ ಕೋಣೆಯಲ್ಲಿ ಅಂಟಿಸಿ. ಕಡಿಮೆ ಬಂದಿದ್ದರೂ ಅಂಟಿಸಿ. ವರ್ಗಾವಣೆ ಆಗಿ ಹೊಸಬರು ಬಂದಾಗ ಕೈಗೆ ಹಾಳೆ ಕೊಟ್ಟು ಓದಿಕೊಳ್ಳಿ ಅನ್ನಬೇಡಿ. ಅವರು ಮೊದಲ ಮಗುವಿಗೆ ಅಂಕ ಹಾಕುವಾಗ ಪಕ್ಕದಲ್ಲಿ ನಿಂತು ನೀವೂ ಹಾಕಿ, ಇಬ್ಬರದೂ ಎಷ್ಟು ಬಂತು ಅಂತ ಆ ಬೆಡ್ ಹತ್ತಿರವೇ ಹೋಲಿಸಿ ನೋಡಿ.