ತೀರ್ಥಹಳ್ಳಿಯ ಮನೆಯಲ್ಲಿ ಹಳೆಯ ಎಚ್‌ಪಿ ಮೀಟರಿನ ಕ್ಯಾಲಿಬ್ರೇಶನ್: ನನ್ನ ಅನುಭವ

ಮಳೆಗಾಲದಲ್ಲಿ ಗೋಡೆಯೇ ಬೆವರುವ ತೀರ್ಥಹಳ್ಳಿಯಲ್ಲಿ ಕುಳಿತು ಐದೂವರೆ ಅಂಕಿಯ, ಅಂದರೆ ಲಕ್ಷದಲ್ಲಿ ಒಂದರಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ, ವೋಲ್ಟ್ ಮತ್ತು ಓಮ್ ಅಳೆಯುವ ಮೀಟರನ್ನು ಮನೆಯಲ್ಲೇ ಕ್ಯಾಲಿಬ್ರೇಟ್ ಮಾಡುತ್ತೇನೆ (ನಿಖರವಾಗಿ ಗೊತ್ತಿರುವ ಅಳತೆಗೆ ಹೊಂದಿಸುತ್ತೇನೆ) ಎಂದಾಗ, ಬೆಂಗಳೂರಿನ ಗೆಳೆಯರಿಬ್ಬರು ಅದು ಆಗದ ಮಾತು ಎಂದಿದ್ದರು. ಕಳೆದ ಫೆಬ್ರುವರಿಯಲ್ಲಿ ಅವರ ಪ್ರಮಾಣಪತ್ರವಿರುವ ಮೀಟರಿನ ಪಕ್ಕದಲ್ಲಿ ನನ್ನ ಎಚ್‌ಪಿ 3478ಎ (ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಹಳೆಯ ಮೀಟರ್) ಇಟ್ಟು 10 ವೋಲ್ಟ್ ಅಳೆದೆವು. ಕೊನೆಯ ಅಂಕಿಯಲ್ಲಿ ಒಂದೆರಡು ಎಣಿಕೆಯಷ್ಟೇ ವ್ಯತ್ಯಾಸವಿತ್ತು. ಆ ದಿನದ ಸಂತೋಷದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೀಟರನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಿಂದ ಸುಮಾರು 9,000 ರೂಪಾಯಿಗೆ ತಂದಿದ್ದೆ. ಇದರ ಕ್ಯಾಲಿಬ್ರೇಶನ್ ಅಂಕಿಗಳೆಲ್ಲ ಬ್ಯಾಟರಿ ತೆಗೆದರೆ ಎಲ್ಲವನ್ನೂ ಮರೆಯುವ ರ‍್ಯಾಮ್‌ನಲ್ಲಿ, ಅಂದರೆ ಮೆಮರಿ ಚಿಪ್ಪಿನಲ್ಲಿ, ಇರುತ್ತವೆ. ಹಳೆಯ 3 ವೋಲ್ಟ್ ಲಿಥಿಯಂ ಸೆಲ್ ಬದಲಿಸುವಾಗ ಅಂಕಿ ಅಳಿಯದಿರಲೆಂದು ಬೆಂಚ್ ಸಪ್ಲೈಯನ್ನು (ಮೇಜಿನ ಮೇಲಿಟ್ಟು ಬಳಸುವ ವಿದ್ಯುತ್ ಮೂಲ) ಸಮಾಂತರವಾಗಿ ಜೋಡಿಸಿಯೇ ಇದ್ದೆ. ಆದರೆ ಸಪ್ಲೈಯ ಋಣ ತುದಿ ಅರ್ತ್‌ಗೆ ಸೇರಿತ್ತು, ಸೋಲ್ಡರಿಂಗ್ ಐರನ್ನಿನ ಮೊನೆಯೂ ಅರ್ತ್ ಆಗಿತ್ತು. ಧನ ತುದಿಗೆ ಮೊನೆ ತಾಗಿದ ಕ್ಷಣವೇ ಸಪ್ಲೈ ಶಾರ್ಟ್ ಆಗಿ, ಎಷ್ಟೋ ವರ್ಷ ಉಳಿದುಬಂದ ಅಂಕಿಗಳೆಲ್ಲ ಅಳಿಸಿಹೋದವು. ಈಗ ಸಪ್ಲೈ ಬದಲು ಎರಡು ಪೆನ್‌ಟಾರ್ಚ್ ಸೆಲ್ ಕಟ್ಟಿ, ಕಾಯಿಸಿದ ಐರನ್ನನ್ನು ಪ್ಲಗ್‌ನಿಂದ ಕಿತ್ತ ಮೇಲಷ್ಟೇ ಬೆಸುಗೆ ಹಾಕುತ್ತೇನೆ.

ಮೀಟರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಲು, ಎಲ್ಲ ರೇಂಜುಗಳಿಗೂ (ಅಳತೆಯ ಮಿತಿಗಳಿಗೂ) ಸೇರಿ ಪ್ರಯೋಗಾಲಯವೊಂದು ಸುಮಾರು 22,000 ರೂಪಾಯಿ ಕೇಳಿತು. ಹಿಂದೊಮ್ಮೆ ಬೇರೊಂದು ಕಡೆ ಹಣ ಪಡೆದು, ಒಳಗಿನ ಹೊಂದಿಕೆಯನ್ನು ಮುಟ್ಟದೆ ಚೀಟಿ ಮಾತ್ರ ಅಂಟಿಸಿ ಕಳಿಸಿದ್ದರಿಂದ ನನಗೆ ಧೈರ್ಯ ಬರಲಿಲ್ಲ. ಆದ್ದರಿಂದ ಮೀಟರನ್ನು ಮನೆಯಲ್ಲೇ ಬಿಟ್ಟು, ಎಲ್‌ಎಂ399 ರೆಫರೆನ್ಸ್ (ಒಳಗಿನ ಹೀಟರಿನಿಂದ ಒಂದೇ ಬಿಸಿಯಲ್ಲಿದ್ದು ಸುಮಾರು 7 ವೋಲ್ಟನ್ನು ಸ್ಥಿರವಾಗಿ ಕೊಡುವ ಚಿಪ್) ಮತ್ತು ಹತ್ತು 1 ಕಿಲೋಓಮ್ ರೆಸಿಸ್ಟರುಗಳ ಸರಣಿ ಇವೆರಡನ್ನೇ ಅಳೆಸಲು ಒಯ್ದೆ. ಖರ್ಚು 6,500 ಆಯಿತು. ಒಳಗಿನ ಹೀಟರ್ ಆರಿ ತಣ್ಣಗಾಗಬಾರದೆಂದು 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ ರೆಫರೆನ್ಸನ್ನು ಉರಿಸಿಕೊಂಡೇ, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿ ಬಂದೆ.

ಆ ಹತ್ತು ರೆಸಿಸ್ಟರುಗಳಿಂದ ಬಹಳ ಕೆಲಸವಾಯಿತು. ಸರಣಿಯಲ್ಲಿ 10 ಕಿಲೋಓಮ್, ಸಮಾಂತರದಲ್ಲಿ 100 ಓಮ್, ಒಂಬತ್ತನ್ನು ಮೂರು ಮೂರರ ಮೂರು ಸಾಲಾಗಿಸಿದರೆ 1 ಕಿಲೋಓಮ್. ಒಂದಕ್ಕೊಂದು ಶೇ. 0.1ರಷ್ಟು ಹೊಂದಿದ್ದರೂ, ಸರಣಿಗೂ ಸಮಾಂತರಕ್ಕೂ ಇರುವ 100:1 ಅನುಪಾತದ ತಪ್ಪು ಹತ್ತು ಲಕ್ಷದಲ್ಲಿ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ; ಹಾಗಾಗಿ ಒಂದನ್ನು ಅಳೆಸಿದರೆ ಇನ್ನೊಂದೂ ತಿಳಿಯುತ್ತದೆ. ಅದೇ ಸರಣಿಯನ್ನು ಬಫರಿನ (ರೆಫರೆನ್ಸಿನ ಮೇಲೆ ಹೊರೆ ಬೀಳದಂತೆ ತಡೆಯುವ ಸರ್ಕ್ಯೂಟ್) ಮೂಲಕ ರೆಫರೆನ್ಸಿಗೆ ಜೋಡಿಸಿ, ನಾಲ್ಕನೆಯ ಕವಲಿನಿಂದ 2.78 ವೋಲ್ಟಿನಷ್ಟನ್ನು ತೆಗೆದು 3 ವೋಲ್ಟ್ ರೇಂಜನ್ನು ಹೊಂದಿಸಿದೆ. ರೆಸಿಸ್ಟರುಗಳನ್ನು ಆರಿಸಿದ ಬಗೆ ಮತ್ತು ರೆಫರೆನ್ಸನ್ನು ಮೊದಲ ಮೂರು ತಿಂಗಳು ಪಳಗಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಿಜವಾಗಿ ಕಾಡಿದ್ದು ತೇವ. ಜುಲೈಯಲ್ಲಿ 10 ಮೆಗಾಓಮ್ ರೆಸಿಸ್ಟರ್ ಶೇ. 2ರಷ್ಟು ಕಡಿಮೆ ತೋರಿಸಿತು; ಯಾರೋ ಹಿಂದೆ ರಿಪೇರಿ ಮಾಡಿ ಬಿಟ್ಟಿದ್ದ ಫ್ಲಕ್ಸ್ (ಬೆಸುಗೆ ಹಾಕುವಾಗ ಬಳಸುವ ಅಂಟು) ಇನ್‌ಪುಟ್ ಟರ್ಮಿನಲ್ಲಿನ ಸುತ್ತ ನೀರು ಹೀರಿ ಅಂಟಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಮೂರು ಬಾರಿ ತೊಳೆದ ಮೇಲೆ ಸರಿಹೋಯಿತು. ಇನ್ನೊಂದು ಹಳೆಯ ಮೀಟರನ್ನು ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಟ್ಟು ನೋಡಿದೆ. ಹದಿನೈದು ದಿನದಲ್ಲಿ ಬೋರ್ಡಿನ ಮೇಲೆ ತೆಳುವಾದ ಮಸಿ ಕೂತು ವಿದ್ಯುತ್ ಸೋರಿಕೆ ಮೊದಲಿಗಿಂತ ಹೆಚ್ಚಾಯಿತು. ಕೊನೆಗೆ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿ, ತೇವ ಆರಲೆಂದು ಒಳಗೆ 15 ವ್ಯಾಟ್ ಬಲ್ಬ್ ಉರಿಸಿಟ್ಟೆ.

ರೆಫರೆನ್ಸ್ ಚಿಪ್ಪಿನ ಕಾಲುಗಳ (ಹೊರಬಂದ ತಂತಿಗಳ) ಮೇಲೆ ಫ್ಯಾನಿನ ಗಾಳಿ ಬಿದ್ದರೂ ಅಂಕಿ ಅಲುಗಾಡುತ್ತಿತ್ತು. ಕಾಲಿನ ಕೋವಾರ್ ಲೋಹಕ್ಕೂ ತಾಮ್ರಕ್ಕೂ ಬಿಸಿ ಬದಲಾದ ಪ್ರತಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ವ್ಯತ್ಯಾಸವೇಳುತ್ತದೆ. ಹತ್ತಿ ತುಂಬಿ ಮುಚ್ಚಿದ ಮೇಲೆ ಅದು ನಿಂತಿತು. ವರ್ಷದ ನಂತರ ರೆಫರೆನ್ಸನ್ನು ಮತ್ತೆ ಅಳೆಸಿದಾಗ ಹತ್ತು ಲಕ್ಷದಲ್ಲಿ ಆರೇಳು ಭಾಗ ಸರಿದಿತ್ತು. ಎಸಿ (ಪರ್ಯಾಯ ವಿದ್ಯುತ್) ರೇಂಜುಗಳಿಗೆ ಈ ಬೇಸಿಗೆಯಲ್ಲಿ ಕೈಹಾಕುತ್ತೇನೆ.