ಸಂವಿಧಾನ ತಿದ್ದುಪಡಿ: ಊರಿನ ಬೇಡಿಕೆಯನ್ನು ಸಂಸತ್ತಿಗೆ ಮುಟ್ಟಿಸುವುದು ಹೇಗೆ?

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಗಡಿ ದಾಟಿದರೆ ಕೊಪ್ಪಳ ಜಿಲ್ಲೆ. ಮಳೆ, ಬೆಳೆ, ಬರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಕೊಪ್ಪಳದವರಿಗೆ ತಮ್ಮ ಭಾಗದ ಕಾಲೇಜು ಸೀಟು, ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯ ಮೀಸಲಾತಿ ಇದೆ, ಮುಂಡರಗಿಯವರಿಗಿಲ್ಲ. ಕಾರಣ, ಕೊಪ್ಪಳ ಸೇರಿದ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ. ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ, 2012ರ 98ನೇ ತಿದ್ದುಪಡಿಯ ಮೂಲಕ ಅದು ಸಂವಿಧಾನಕ್ಕೆ ಸೇರಿತು. ಬೀದಿಯ ಬೇಡಿಕೆ ವಿಧಿಯಾಗಬಲ್ಲದು ಎಂಬುದಕ್ಕೆ ನೆರೆಯಲ್ಲೇ ಇರುವ ಸಾಕ್ಷಿ ಇದು.

ಜನರೇ ನೇರವಾಗಿ ಮತ ಹಾಕಿ ಸಂವಿಧಾನ ಬದಲಿಸುವ ವ್ಯವಸ್ಥೆ ನಮ್ಮಲ್ಲಿಲ್ಲ. 368ನೇ ವಿಧಿ ಆ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಜಿಲ್ಲಾಧಿಕಾರಿ ಮೂಲಕ ರಾಷ್ಟ್ರಪತಿಗೆ ಮನವಿ ಕೊಡುವುದು ತಪ್ಪಲ್ಲ, ಆದರೆ ಅಲ್ಲಿಗೇ ನಿಲ್ಲಬಾರದು.

ಮೊದಲು, ತಿದ್ದುಪಡಿ ನಿಜಕ್ಕೂ ಬೇಕೇ ಎಂದು ನೋಡಿ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಎಸ್‌.ಆರ್‌. ಬೊಮ್ಮಾಯಿ ಅವರ ಸರ್ಕಾರ 1989ರಲ್ಲಿ ವಜಾ ಆಯಿತು. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356ನೇ ವಿಧಿಯ ಒಂದಕ್ಷರವೂ ಬದಲಾಗದೆ ಅದರ ಬಳಕೆಗೆ ಕಡಿವಾಣ ಬಿತ್ತು. ನಿಮ್ಮ ದೂರು ಕಾಯ್ದೆ ಅಥವಾ ನಿಯಮದ ಬಗ್ಗೆ ಇದ್ದರೆ ಸಂವಿಧಾನಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ.

ಬೇಕೇ ಬೇಕು ಎಂದಾದರೆ, ಬೇಡಿಕೆಯನ್ನು ಬರೆಯಿರಿ. ಇಡೀ ಕೆಲಸದಲ್ಲಿ ಹೆಚ್ಚು ಶ್ರಮ ಬೇಡುವುದು ಇದೇ. ‘ನಮ್ಮ ಭಾಗಕ್ಕೆ ನ್ಯಾಯ ಕೊಡಿ’ ಎಂದರೆ ಯಾರೂ ಮಸೂದೆ ಮಾಡಲಾರರು. ಯಾವ ವಿಧಿ, ಅದರಲ್ಲಿ ಯಾವ ಪದಗಳು ಹೋಗಬೇಕು, ಯಾವುವು ಬರಬೇಕು ಎಂಬುದು ಕಾಗದದಲ್ಲಿರಬೇಕು. ಜೊತೆಗೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ. ಸಂವಿಧಾನದ ಕನ್ನಡ ಅನುವಾದವನ್ನು ಎದುರಿಗಿಟ್ಟುಕೊಂಡು, ಊರಿನ ವಕೀಲರೊಬ್ಬರನ್ನು ಕೂರಿಸಿಕೊಂಡು ಮಾಡಿ. ಸಂವಿಧಾನದ ಮೂಲಸ್ವರೂಪಕ್ಕೆ ಧಕ್ಕೆ ತರುವ ತಿದ್ದುಪಡಿ ನಿಲ್ಲುವುದಿಲ್ಲ. 1973ರ ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಹಾಕಿದ ಗೆರೆ ಅದು.

ನಂತರ ಸಂಸದರನ್ನು ಕಾಣಿ. ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಿ: ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಗದಗ ಜಿಲ್ಲೆಯ ನರಗುಂದ ಬಾಗಲಕೋಟೆ ಕ್ಷೇತ್ರದ್ದು. ಸಚಿವರಲ್ಲದ ಯಾವ ಸಂಸದರೂ ಖಾಸಗಿ ಸದಸ್ಯರ ಮಸೂದೆ ತರಬಹುದು. ಲೋಕಸಭೆಯಲ್ಲಿ ಇಂಥ ತಿದ್ದುಪಡಿ ಮಸೂದೆಯನ್ನು ಮಂಡನೆಗೆ ಮೊದಲೇ ಸಮಿತಿಯೊಂದು ಪರಿಶೀಲಿಸುತ್ತದೆ. ಬರವಣಿಗೆ ಬಿಗಿಯಾಗಿರಬೇಕು ಎಂದದ್ದು ಅದಕ್ಕಾಗಿಯೇ.

ಮಸೂದೆ ಮಂಡನೆಯಾದರೆ ಅದರ ಕುರಿತು ನೀವೇ ಲೋಕಸಭೆಗೆ ಅರ್ಜಿ ಸಲ್ಲಿಸಬಹುದು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಸೇರಿಸಿ ಸಹಿ ಹಾಕಿ. ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ, ಸಹಿ ಇರಲಿ. ಓದುಬರಹ ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ. ಬೇರೆ ದಾಖಲೆ ಲಗತ್ತಿಸುವಂತಿಲ್ಲ. ಸಂಸದರೇ ಸಲ್ಲಿಸುವುದಾದರೆ ಅವರ ಮೇಲು ಸಹಿ ಬೇಕು.

ಮಸೂದೆ ಗೆಲ್ಲಲು ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಬೇಕು. ಕೇಂದ್ರ–ರಾಜ್ಯಗಳ ಅಧಿಕಾರ ಹಂಚಿಕೆಯಂಥ ವಿಷಯವಾದರೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಆಗ ನಿಮ್ಮ ಶಾಸಕರ ಮತಕ್ಕೂ ಬೆಲೆ ಬರುತ್ತದೆ. ಕರಡಿನ ಒಂದು ಪ್ರತಿಯನ್ನು ಅವರಿಗೆ ಮೊದಲೇ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.